ಎಡಗಡೆಯ ದೆಹಲಿ

ದೆಹಲಿ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಹೇಳುವ ಗಂಡು ಕಂಠ ಶಮ್ಮಿ ನಾರಂಗ್ ಅವರದು, ಹೆಣ್ಣು ಕಂಠ ರಿನಿ ಸೈಮನ್ ಖನ್ನಾ ಅವರದು. ಇಬ್ಬರೂ ದೂರದರ್ಶನದಲ್ಲಿ ವಾರ್ತೆ ಓದಿದವರು. ಹಾಗಾಗಿಯೋ ಏನೋ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೂ ಅವರ ಬಾಯಲ್ಲಿ ಸಂಸತ್ತಿನ ಸುದ್ದಿಯಂತೆ ಕೇಳಿಸುತ್ತದೆ. ಆ ಕಂಠ ‘ಎಡಗಡೆ’ ಎಂದಿತೆನ್ನಿ. ಯಾರೂ ತಲೆ ತಿರುಗಿಸುವುದಿಲ್ಲ. ಕಣ್ಣುಗಳು ಮೊಬೈಲಿನಲ್ಲೇ ನೆಟ್ಟಿರುತ್ತವೆ. ಆದರೂ ಡಬ್ಬಿಯ ತುಂಬ ಎಡ ಮೊಣಕೈಗಳು ಎಚ್ಚರಗೊಳ್ಳುತ್ತವೆ. ಇಷ್ಟು ಹೊತ್ತೂ ಎಡಕ್ಕೆ ನಿಂತಿದ್ದು ಲೆಕ್ಕಕ್ಕೇ ಬಾರದಿದ್ದ ಸೂಟ್‌ಕೇಸಿನವನು ದಿಢೀರನೆ ನಮ್ಮ ಲೋಕದಲ್ಲಿ ಹುಟ್ಟುತ್ತಾನೆ. ಬಲಗಡೆಯವರು ಅಷ್ಟೇ ದಿಢೀರನೆ ಮಾಯ.

ಇದನ್ನೇ ಅಮೆರಿಕದ ಮೈಕೆಲ್ ಪೋಸ್ನರ್ ಪ್ರಯೋಗಾಲಯದಲ್ಲಿ ಅಳೆದು 1980ರಲ್ಲಿ ಬರೆದರು. ಪರದೆಯ ನಡುವೆ ಕಣ್ಣು ನೆಟ್ಟು ಕೂರಬೇಕು, ಅಲ್ಲಾಡಿಸುವಂತಿಲ್ಲ. ಒಂದು ಬಾಣ ಎಡಕ್ಕೋ ಬಲಕ್ಕೋ ತೋರಿಸುತ್ತದೆ, ಆಮೇಲೆ ಒಂದು ಬೆಳಕು ಮೂಡುತ್ತದೆ, ಕಂಡೊಡನೆ ಗುಂಡಿ ಒತ್ತಬೇಕು. ಬಾಣ ನಿಜ ಹೇಳಿದ್ದರೆ ಬೆರಳು ಬೇಗ ಒತ್ತುತ್ತದೆ, ಸುಳ್ಳು ಹೇಳಿದ್ದರೆ ತಡವಾಗುತ್ತದೆ. ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಕೆಲವೇ ಪಾಲು. ಆದರೆ ಕಣ್ಣು ಕದಲದೆಯೇ ಗಮನ ಒಂದು ಸುತ್ತು ಹೋಗಿ ಬಂದಿದೆ ಎಂಬುದಕ್ಕೆ ಅಷ್ಟೇ ಸಾಕು. ಇದಕ್ಕೂ ಮೊದಲು, 19ನೇ ಶತಮಾನದಲ್ಲೇ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕತ್ತಲ ಪೆಟ್ಟಿಗೆಯೊಳಗೆ ಅಕ್ಷರಗಳನ್ನಿಟ್ಟು, ದೃಷ್ಟಿಯನ್ನು ಒಂದು ಚುಕ್ಕಿಯ ಮೇಲಿಟ್ಟು, ವಿದ್ಯುತ್ ಕಿಡಿ ಹಾರಿಸಿ ನೋಡಿದ್ದರು. ಆ ಕ್ಷಣದ ಬೆಳಕಿನಲ್ಲಿ ಓದಲಿಕ್ಕಾದದ್ದು ಮನಸ್ಸು ಮೊದಲೇ ಆರಿಸಿಕೊಂಡಿದ್ದ ಮೂಲೆಯ ಅಕ್ಷರಗಳು ಮಾತ್ರ. ಮೇಷ್ಟ್ರ ಮುಖವನ್ನೇ ಭಕ್ತಿಯಿಂದ ನೋಡುತ್ತ ಕಿಟಕಿಯಾಚೆಯ ಗೋಲಿಯಾಟದ ಲೆಕ್ಕ ಇಡುತ್ತಿದ್ದ ನಮ್ಮಂಥವರಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಅಳೆದು ತೋರಿಸಿದ ಕೀರ್ತಿ ಮಾತ್ರ ಅವರದೇ.

ಕಣ್ಣಿನ ಬಗ್ಗೆ ನಮಗೆ ಅತಿಯಾದ ಗೌರವ. ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಯಾವುದೇ ಕ್ಷಣದಲ್ಲಿ ಕಣ್ಣು ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟಗಲ, ಮಿಕ್ಕಿದ್ದೆಲ್ಲ ಮಸುಕು. ಆ ಉಗುರಗಲದ ಬೆಳಕನ್ನೇ ಸೆಕೆಂಡಿಗೆ ಮೂರು ಸಲ ಅತ್ತಿತ್ತ ನೆಗೆಸಿ ನಾವು ಚಾಂದನಿ ಚೌಕವನ್ನು ಇಡಿಯಾಗಿ ಕಂಡೆವೆಂದು ಬೀಗುತ್ತೇವೆ. ಮುಂದಿನ ನೆಗೆತ ಎಲ್ಲಿಗೆ ಎಂದು ನಿರ್ಧರಿಸುವವರು ಇಬ್ಬರು. ಪರಾಠೆ ಅಂಗಡಿ ಹುಡುಕು ಎಂದು ಒಳಗಿನಿಂದ ಕಳಿಸುವ ಜಾಲ ಒಂದು. ಅದು ಮಿದುಳಿನ ಮೇಲ್ಭಾಗದಲ್ಲಿ, ಹಿಂದಿನ ಪೆರೈಟಲ್ ಪ್ರದೇಶಕ್ಕೂ ಮುಂದಿನ ಫ್ರಾಂಟಲ್ ಪ್ರದೇಶಕ್ಕೂ ಸೇತುವೆ ಹಾಕಿದೆ. ಇ-ರಿಕ್ಷಾದ ಹಾರನ್ ಕೇಳಿದೊಡನೆ ಪರಾಠೆಯನ್ನು ಮರೆಸಿ ಎಳೆದೊಯ್ಯುವ ಜಾಲ ಇನ್ನೊಂದು. ಅದು ಕೆಳಗಿದೆ, ಹೆಚ್ಚಾಗಿ ಬಲ ಮಿದುಳಿನಲ್ಲಿ. ಕಾರ್ಬೆಟಾ ಮತ್ತು ಶುಲ್ಮನ್ 2002ರಲ್ಲಿ ಈ ಎರಡನ್ನು ಹೀಗೆ ಬೇರ್ಪಡಿಸಿ ವಿವರಿಸಿದರು. ದೆಹಲಿಯ ರಸ್ತೆಗಳಲ್ಲಿ ಎರಡನೆಯದಕ್ಕೆ ಬಿಡುವೇ ಇಲ್ಲ. ಎಡಬದಿ ಸಂಚಾರದ ದೇಶದಲ್ಲಿ ರಸ್ತೆ ದಾಟುವವನು ಮೊದಲು ಬಲಕ್ಕೆ ನೋಡಬೇಕೆಂಬುದು ಪಾಠ. ರಾಂಗ್ ಸೈಡಿನಿಂದ ಬರುವ ಮೋಟಾರ್ ಸೈಕಲ್ಲಿಗೆ ಆ ಪಾಠ ಯಾರೂ ಹೇಳಿಲ್ಲ.

ಈ ವಿದ್ಯೆಯ ಬಹುಪಾಲನ್ನು ನಮಗೆ ಕಲಿಸಿದ್ದು ಕೋತಿ. ನಮ್ಮೂರ ಕಡೆಯ ಟೋಪಿ ಕೂದಲಿನ ಕೋತಿಯಲ್ಲ, ಉತ್ತರದ ಕೆಂಪು ಮೂತಿಯ ರೀಸಸ್. 2001ರಲ್ಲಿ ಪ್ರಿನ್ಸ್‌ಟನ್ನಿನ ಟಿರಿನ್ ಮೂರ್ ಮತ್ತು ಮಜ್ಯಾರ್ ಫಲ್ಲಾ ಕೋತಿಯ ಫ್ರಾಂಟಲ್ ಭಾಗದಲ್ಲಿ ಕಣ್ಣಿನ ಚಲನೆಯನ್ನು ಆಳುವ ಜಾಗಕ್ಕೆ ಒಂದಿಷ್ಟು ವಿದ್ಯುತ್ ಹರಿಸಿದರು. ಕಣ್ಣು ಹೊರಳದಷ್ಟು ಕಡಿಮೆ. ಆದರೂ, ಹೊರಳಿದ್ದರೆ ಕಣ್ಣು ಎಲ್ಲಿಗೆ ಹೋಗುತ್ತಿತ್ತೋ ಆ ಜಾಗದ ಸಣ್ಣ ಬದಲಾವಣೆಯನ್ನೂ ಕೋತಿ ಚೆನ್ನಾಗಿ ಗುರುತಿಸತೊಡಗಿತು. ಅಂದರೆ ಗಮನವೂ ನೋಟವೂ ಒಂದೇ ಕಚೇರಿಯಿಂದ ಹೊರಡುವ ಆದೇಶಗಳು. ದೆಹಲಿಯಲ್ಲಿ ಈ ಕೋತಿಗಳ ಕಚೇರಿ ರೈಸಿನಾ ಗುಡ್ಡ. ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳ ಕಟ್ಟೆಯ ಮೇಲೆ ಕುಳಿತು ಗುಮಾಸ್ತರ ಊಟದ ಡಬ್ಬಿಯನ್ನು ನೋಡದಂತೆ ನೋಡುವ ಕಲೆ ಅವಕ್ಕೆ ಸಿದ್ಧಿಸಿತ್ತು. ತಮಾಷೆ ಎಂದುಕೊಳ್ಳಬೇಡಿ: 2007ರಲ್ಲಿ ದೆಹಲಿಯ ಉಪಮೇಯರ್ ಎಸ್.ಎಸ್. ಬಾಜ್ವಾ ಮನೆಯ ಮಹಡಿಯಲ್ಲಿ ಕೋತಿಗಳನ್ನು ಓಡಿಸಲು ಹೋಗಿ ಕೆಳಗೆ ಬಿದ್ದು ತೀರಿಕೊಂಡರು. 2023ರ ಜಿ20 ಸಭೆಗೆ ಮುಂಚೆ ಇವನ್ನು ಹೆದರಿಸಲು ಲಂಗೂರ್ ಮುಸುವಗಳ ನಿಜ ಗಾತ್ರದ ಚಿತ್ರಗಳನ್ನು ಊರಲ್ಲಿ ನಿಲ್ಲಿಸಲಾಯಿತು. ಗಮನ ಸೆಳೆಯುವುದು ಸುಲಭ, ಹಿಡಿದಿಡುವುದು ಕಷ್ಟ. ಅಲ್ಲಾಡದ ಮುಸುವವನ್ನು ಎಷ್ಟು ದಿನ ನಂಬಲಾದೀತು?

ನಾರ್ತ್ ಬ್ಲಾಕಿನ ಕೋತಿಗಳ ಕತೆಗಳನ್ನು ನನಗೆ ಹೇಳುತ್ತಿದ್ದವರು ನಮ್ಮ ಕಾಲೊನಿಯ ಹಿರಿಯರೊಬ್ಬರು. ಧಾರವಾಡದ ಕಡೆಯವರು, ಹಣಕಾಸು ಸಚಿವಾಲಯದಲ್ಲಿ ಸವೆದು ನಿವೃತ್ತರಾದವರು. ಅವರಿಗೆ ಲಕ್ವ ಹೊಡೆದು ಬಲ ಮಿದುಳಿನ ಪೆರೈಟಲ್ ಭಾಗಕ್ಕೆ ಪೆಟ್ಟಾಯಿತು. ಮಾತು ಉಳಿಯಿತು, ಜ್ಞಾಪಕ ಉಳಿಯಿತು, ಕಣ್ಣೂ ನೆಟ್ಟಗಿತ್ತು. ಎಡಗಡೆ ಮಾತ್ರ ಹೋಯಿತು. ಬಲಗೆನ್ನೆಯ ಗಡ್ಡ ನುಣ್ಣಗೆ ಹೆರೆದುಕೊಂಡು ಕ್ಷೌರ ಮುಗಿಯಿತೆನ್ನುತ್ತಿದ್ದರು. ತಟ್ಟೆಯ ಬಲ ಅರ್ಧದ ರೊಟ್ಟಿ ತಿಂದು, ಎಡಕ್ಕೆ ಬದನೇಕಾಯಿ ಎಣ್ಣೆಗಾಯಿ ಘಮಘಮಿಸುತ್ತಿದ್ದರೂ, ಇಷ್ಟೇನಾ ಬಡಿಸೋದು ಎಂದು ಹೆಂಡತಿಯ ಮೇಲೆ ಸಿಡುಕುತ್ತಿದ್ದರು. ಕಾಣದವನಿಗೆ ತನಗೆ ಕಾಣುವುದಿಲ್ಲವೆಂದು ಗೊತ್ತಿರುತ್ತದೆ, ತಲೆ ತಿರುಗಿಸಿ ಹುಡುಕುತ್ತಾನೆ. ಇವರಿಗೆ ಹುಡುಕಲು ಎಡಗಡೆ ಎಂಬುದೊಂದು ಇದೆ ಎಂಬುದೇ ಹೊಳೆಯುತ್ತಿರಲಿಲ್ಲ. ವೈದ್ಯರು ಇದನ್ನು ನೆಗ್ಲೆಕ್ಟ್ ಎನ್ನುತ್ತಾರೆ.

1978ರಲ್ಲಿ ಮಿಲಾನಿನ ಬಿಸಿಯಾಕ್ ಮತ್ತು ಲುಝಾಟಿ ಇಂಥ ರೋಗಿಗಳಿಗೆ ಊರಿನ ದೊಡ್ಡ ಚರ್ಚಿನ ಚೌಕವನ್ನು ಮನಸ್ಸಿನಲ್ಲೇ ಕಂಡು ವಿವರಿಸಲು ಹೇಳಿದರು. ಚರ್ಚಿಗೆ ಮುಖ ಮಾಡಿ ನಿಂತಂತೆ ಊಹಿಸಿದಾಗ ಬಲಗಡೆಯ ಕಟ್ಟಡಗಳು ಬಂದವು, ಎಡಗಡೆಯವು ಬರಲಿಲ್ಲ. ಈಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಈಚೆ ನೋಡಿ ಎಂದಾಗ ಮೊದಲು ಬಿಟ್ಟುಹೋದ ಕಟ್ಟಡಗಳೆಲ್ಲ ಬಂದವು, ಮೊದಲು ಹೇಳಿದ್ದವು ಹೋದವು. ನೆನಪು ಪೂರ್ತಿ ಇತ್ತು. ಒಳಗಣ್ಣಿಗೂ ಎಡಗಡೆ ಇರಲಿಲ್ಲ. ಇದನ್ನು ಓದಿದ ರಾತ್ರಿ ನನ್ನ ತಲೆಯಲ್ಲಿ ರೈಸಿನಾ ಗುಡ್ಡವೇ ಸುತ್ತಿತು. ವಿಜಯ್ ಚೌಕದಲ್ಲಿ ನಿಂತು ರಾಷ್ಟ್ರಪತಿ ಭವನದ ಕಡೆ ನೋಡಿದರೆ ನಾರ್ತ್ ಬ್ಲಾಕ್ ಬಲಕ್ಕೆ. ಭವನದ ಗೇಟಿನಿಂದ ಇಂಡಿಯಾ ಗೇಟಿನತ್ತ ತಿರುಗಿದರೆ ಅದೇ ಕಟ್ಟಡ ಎಡಕ್ಕೆ. ಅಂದರೆ ನಮ್ಮ ಹಿರಿಯರ ಇಡೀ ನೌಕರಿ, ನಿಂತ ಜಾಗ ಬದಲಾದರೆ ಸಾಕು, ಕಟ್ಟಡ ಸಮೇತ ಅಳಿಸಿಹೋಗಬಹುದಿತ್ತು. ಕೇಳಿ ನೋಡುವ ಧೈರ್ಯ ನನಗಾಗಲಿಲ್ಲ.

ಬಲ ಮಿದುಳಿಗೆ ಪೆಟ್ಟಾದರೆ ಎಡಗಡೆ ಹೋಗುತ್ತದೆ ಸರಿ, ಎಡ ಮಿದುಳಿಗೆ ಪೆಟ್ಟಾದಾಗ ಬಲಗಡೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲವೇಕೆ? ನರವೈದ್ಯ ಮಾರ್ಸೆಲ್ ಮೆಸುಲಂ ಕೊಟ್ಟ ಉತ್ತರ ಇದು: ಎಡ ಮಿದುಳು ಬಲಗಡೆಯನ್ನಷ್ಟೇ ಕಾಯುತ್ತದೆ, ಬಲ ಮಿದುಳು ಎರಡೂ ಕಡೆ ಕಾಯುತ್ತದೆ. ಎರಡು ಪಾಳಿ ಮಾಡುವ ಕಾವಲುಗಾರ ಮಲಗಿದರೆ ಎಡಬಾಗಿಲಿಗೆ ಯಾರೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೇವರಾಜನ್ ಶ್ರೀಧರನ್ ಅವರ ತಂಡ ಇನ್ನೊಂದು ಎಳೆ ಬಿಡಿಸಿದೆ. ಗಮನ ಕೊಟ್ಟ ಕಡೆ ನಮಗೆ ಚುರುಕಾಗಿ ಕಾಣುತ್ತದೆ ಎಂಬುದು ಒಂದು, ಆ ಕಡೆ ಏನೋ ಇದೆ ಎಂದು ಒಪ್ಪಿಕೊಳ್ಳಲು ನಾವು ಮೊದಲೇ ತಯಾರಾಗಿರುತ್ತೇವೆ ಎಂಬುದು ಇನ್ನೊಂದು. ಮಿದುಳಿನ ಕಾಂಡದ ತುದಿಯಲ್ಲಿರುವ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ದಿಬ್ಬ ಮೇಲ್ಪದರದ ಜೊತೆ ಎಷ್ಟು ಗಟ್ಟಿಯಾಗಿ ಹೆಣೆದುಕೊಂಡಿದೆ ಎಂಬುದಕ್ಕೆ ತಾಳೆಯಾದದ್ದು ಚುರುಕಲ್ಲ, ಈ ಎರಡನೆಯದು, ಅಂದರೆ ಪಕ್ಷಪಾತ ಎಂದು 2019ರಲ್ಲಿ ಅವರು ಪ್ರಕಟಿಸಿದರು. ಸರ್ಕಾರಿ ನೌಕರಿಯಲ್ಲಿ ತಲೆ ನರೆತ ಯಾರನ್ನು ಕೇಳಿದರೂ, ಮೇಲಿನವರಿಗೆ ನಮ್ಮ ಫೈಲು ಕಾಣುವುದು ಬೇರೆ, ಕಾಣಬೇಕೆನಿಸುವುದು ಬೇರೆ ಎಂದು ಹೇಳಿಯಾರು.

ಹಿರಿಯರ ಚಿಕಿತ್ಸೆ ನಡೆದಿದೆ. ಪುಸ್ತಕದ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದ್ದಾರೆ. ಆ ಕೆಂಪು ಕಾಣುವವರೆಗೂ ಕಣ್ಣು ಎಳೆದುಕೊಂಡು ಹೋಗಬೇಕು, ಆಮೇಲೆ ಸಾಲು ಓದಬೇಕು. ಬಂದವರೆಲ್ಲ ಎಡಗಡೆಯ ಕುರ್ಚಿಯಲ್ಲೇ ಕೂರಬೇಕೆಂದು ಥೆರಪಿಸ್ಟ್ ಅಪ್ಪಣೆ. ಹಾಗೆಂದು ಭಾನುವಾರ ನಾನು ಅಲ್ಲೇ ಕೂತು ನಮಸ್ಕಾರ ಎನ್ನುತ್ತೇನೆ. ಅವರು ಬಲಗಡೆಯ ಗೋಡೆಗೆ ನಮಸ್ಕಾರ ಹೇಳಿ, ಬರೋದು ಯಾಕೆ ತಡ ಆತು ಎಂದು ಅದನ್ನೇ ದಬಾಯಿಸುತ್ತಾರೆ. ಕಾರಣ ವಿವರಿಸುತ್ತೇನೆ. ಗೋಡೆಯ ಸಮಜಾಯಿಷಿ ಅವರಿಗೆ ಒಪ್ಪಿಗೆಯಾದರೆ ಚಹಾ ತರಲು ಹೇಳುತ್ತಾರೆ.