ಹಬೆಯ ಹಿಂದಿನ ಕಾರಣ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನಮಗೆ ಕಾರೆಂಬುದು ಇಂದಿಗೂ ಅಪರಿಚಿತ ಶಾಸ್ತ್ರ. ಬಾನೆಟ್ ಎತ್ತುವುದನ್ನೇ ಮೊಮ್ಮಗನಿಂದ ಕಲಿತೆವು. ಮನೆಯಲ್ಲಿರುವುದು 2009ರ ಮಾರುತಿ 800. ಆ ಮಾದರಿಯ ತಯಾರಿಕೆ 2014ರಲ್ಲಿ ನಿಂತಿತಾದರೂ ನಮ್ಮದು ಧಾರವಾಡದ ಏರಿಳಿತಗಳಲ್ಲಿ ಇನ್ನೂ ಸಾಗುತ್ತಿದೆ.

ಕಳೆದ ಬೇಸಿಗೆಯಲ್ಲಿ ಜ್ಯುಬಿಲಿ ವೃತ್ತದ ದಟ್ಟಣೆಯಲ್ಲಿ ನಿಂತಿದ್ದಾಗ ಉಷ್ಣಮಾಪಕದ ಮುಳ್ಳು ಮೇಲೇರಿ, ಕಾರಿನ ಮುಂಭಾಗದಿಂದ ಹಬೆ ಎದ್ದಿತು. ಬಹುಕಾಲದಿಂದ ನಂಬಿದ್ದ ಗ್ಯಾರೇಜಿಗೆ ಒಯ್ದೆವು. ಗಾಜಿನ ಕೋಣೆ, ತಂಪು ಗಾಳಿ, ಕುಡಿಯಲು ಚಹ. ಐದೇ ನಿಮಿಷದಲ್ಲಿ ತೀರ್ಪು ಬಂದಿತು: ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, 18,000 ರೂಪಾಯಿ. ನಮ್ಮಲ್ಲಿ ಅಷ್ಟು ಹಣವಿದ್ದುದು ಮನೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತೆಗೆದಿರಿಸಿದ್ದು ಮಾತ್ರ. “ಯೋಚಿಸಿ ಹೇಳುತ್ತೇವೆ” ಎಂದು ಹಿಂದಿರುಗಿದೆವು.

ಹಾಲು ಹಾಕುವವನು ಬೇರೊಂದು ಸ್ಥಳ ಸೂಚಿಸಿದ. ಓಣಿಯ ಕೊನೆಗೆ ಬೇವಿನ ಮರ, ಅದರಡಿ ತಗಡಿನ ಛಾವಣಿ, ನೆಲವೆಲ್ಲ ಎಣ್ಣೆ. ನಿಜ ಹೇಳಬೇಕೆಂದರೆ ನಮಗೆ ಹಿಡಿಸಲಿಲ್ಲ. ಆ ಯುವಕ ಕಾರನ್ನು ಮುಟ್ಟುವ ಮೊದಲು ಕೇಳಿದ: “ನಿಂತಾಗ ಕಾಯ್ತೈತೋ, ಓಡೂವಾಗೋ?” ಕಿತ್ತೂರಿನ ಹಾದಿಯಲ್ಲಿ ಮುಳ್ಳು ತಾನಾಗಿಯೇ ಇಳಿಯುವುದು ಆಗ ನೆನಪಾಯಿತು. ಮೊದಲ ಗ್ಯಾರೇಜಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

ಎಂಜಿನ್ ಆರುವವರೆಗೆ ಕಾಯ್ದು ರೇಡಿಯೇಟರಿನ ಮುಚ್ಚಳ ತೆರೆದ. ಬಿಸಿಯಿದ್ದಾಗ ತೆರೆದರೆ ಕುದಿನೀರು ಮೈಗೆ ಚಿಮ್ಮುವುದಂತೆ. ನೀರಿನಲ್ಲಿ ಎಣ್ಣೆಯಿರಲಿಲ್ಲ, ಎಣ್ಣೆಯೂ ನೀರು ಬೆರೆತು ಹಾಲಿನಂತಾಗಿರಲಿಲ್ಲ. ಆಮೇಲೆ ಎಂಜಿನ್ ನಡೆಸಿದ. ಮುಳ್ಳು ಏರಿದರೂ ರೇಡಿಯೇಟರಿನ ಫ್ಯಾನ್ ತಿರುಗಲಿಲ್ಲ. ಉಷ್ಣತೆಯನ್ನರಿತು ಫ್ಯಾನಿಗೆ ವಿದ್ಯುತ್ ಹರಿಸುವ ಸ್ವಿಚ್ಚಿನ ಎರಡು ತಂತಿಗಳನ್ನು ಬಿಡಿಸಿ ಒಂದಕ್ಕೊಂದು ಜೋಡಿಸಿದೊಡನೆ ಅದು ಗಿರ್ರೆಂದು ತಿರುಗಿತು. “ಫ್ಯಾನ್ ಗಟ್ಟಿ ಐತ್ರಿ, ಸ್ವಿಚ್ ಸತ್ತೈತಿ” ಎಂದ. ಓಡುವ ಕಾರಿಗೆ ಎದುರುಗಾಳಿಯೇ ಸಾಕು, ನಿಂತ ಕಾರಿಗೆ ಫ್ಯಾನೇ ಗತಿ.

ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವ ಪಾಠವನ್ನು ನಾವು ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದೇವೆ. ಹಲವು ಕಾರಣಗಳಿಂದ ಹುಟ್ಟಬಹುದಾದ ಹಬೆಯೊಂದನ್ನೇ ಹಿಡಿದು ಗ್ಯಾಸ್ಕೆಟ್ಟೆಂದು ನಿರ್ಣಯಿಸುವುದು ಹೇತ್ವಾಭಾಸವೆಂದು ನಮಗೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಂಪು ಕೋಣೆಯಲ್ಲಿ ಚಹ ಕುಡಿಯುತ್ತಿದ್ದೆವಲ್ಲ!

ಹೊಸ ಸ್ವಿಚ್ಚು, ಕೂಲಿ ಸೇರಿ 650 ರೂಪಾಯಿ. ಹಳೆಯದನ್ನು ಕಾಗದದಲ್ಲಿ ಸುತ್ತಿ ನಮ್ಮ ಕೈಗೇ ಕೊಟ್ಟ. ಆದರೂ ಸಂಶಯ ಬಿಡಲಿಲ್ಲ. ಮನೆಯ ಮುಂದೆ ಅರ್ಧ ತಾಸು ಎಂಜಿನ್ ನಡೆಸಿ ಮುಳ್ಳನ್ನೇ ನೋಡುತ್ತ ಕುಳಿತೆವು. ಫ್ಯಾನ್ ಹೊತ್ತುಹೊತ್ತಿಗೆ ತಿರುಗಿ ನಿಂತಿತು. ಇಷ್ಟು ಸಾಲದೆಂದು ಬಿಡಿಭಾಗಗಳ ಅಂಗಡಿಗೆ ಮಗನನ್ನು ಕಳಿಸಿ ಸ್ವಿಚ್ಚಿನ ಬೆಲೆ ವಿಚಾರಿಸಿದೆವು. ಆತ ಹೇಳಿದ ಬೆಲೆಯೇ. ಅಂಗಡಿಯವರು ಈ ಸಂಗತಿಯನ್ನು ಆತನಿಗೆ ತಿಳಿಸಿದ್ದರು! ಮುಂದಿನ ಸಲ ಹೋದಾಗ, “ರೇಟ್ ಬರೋಬ್ಬರಿ ಇತ್ತೇನ್ರೀ?” ಎಂದು ನಕ್ಕ. ನಮಗೆ ತಲೆಯೆತ್ತಲಾಗಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿರುವುದು ಇನ್ನೊಂದು. ಎರಡು ವರ್ಷಗಳ ಹಿಂದೆ ನಮ್ಮ ಮಾತು ನಂಬಿ ಹಿರಿಯ ಮಿತ್ರರೊಬ್ಬರು ಆ ಮೊದಲ ಗ್ಯಾರೇಜಿಗೆ ಹೋಗಿ ಎಂಜಿನ್ ಬಿಚ್ಚಿಸಿದ್ದರು. ಮೊನ್ನೆ ಸಿಕ್ಕಾಗ, “ನೀವು ತೋರಿಸಿದ ಜಾಗ ಬಹಳ ಚಲೋ” ಎಂದರು. ಅವರ ಎಂಜಿನ್ನಿಗೆ ನಿಜವಾಗಿ ಏನಾಗಿತ್ತೋ, ಕೇಳುವ ಧೈರ್ಯ ಬರಲಿಲ್ಲ. ಬೇವಿನ ಮರದ ವಿಳಾಸವನ್ನು ಚೀಟಿಯಲ್ಲಿ ಬರೆದು ಅವರ ಕೈಗಿತ್ತು, ಮಳೆಯ ವಿಷಯ ತೆಗೆದೆವು.