ಲಿಂಕಿನ ಹಿಂದಿನ ದಲಾಲಿ

ನಮಗೆ ಓದುವ ದೀಪವೊಂದು ಬೇಕಾಗಿತ್ತು. ಅದನ್ನು ತಿಳಿದ ನಮ್ಮ ತಮ್ಮನ ಮಗನು, "ದೊಡ್ಡಪ್ಪಾರ, ಇದು ಬಹಳ ಚಲೋ ಐತ್ರಿ, ಈ ಲಿಂಕಿನಿಂದನ ತಗೊಳ್ರಿ" ಎಂದು ಮೊಬೈಲಿಗೆ ಬರೆದು ಕಳುಹಿಸಿದನು. ಅವನ ಮಾತನ್ನು ನಂಬಿ ಕೊಂಡೆವು. ತಿಂಗಳೊಳಗೆ ದೀಪ ಮಂಕಾಯಿತು. ಆ ದೀಪವನ್ನು ಅವನು ಕಣ್ಣಿನಿಂದಲೂ ಕಂಡಿರಲಿಲ್ಲವೆಂಬುದೂ, ನಮ್ಮ ಖರೀದಿಯಿಂದ ಅವನಿಗೆ ಕಮಿಷನ್ ಸಂದಿತೆಂಬುದೂ ಅನಂತರ ತಿಳಿಯಿತು. ಹೋದ ಹಣಕ್ಕಿಂತ ಅವನ ಮೌನವೇ ನಮ್ಮನ್ನು ನೋಯಿಸಿತು. ಅವನನ್ನು ಎದುರಿಗೆ ಕೂರಿಸಿಕೊಂಡು ಆ ವ್ಯವಹಾರದ ಪರಿಭಾಷೆಯನ್ನು ಪಾಠದಂತೆ ಕೇಳಿ ತಿಳಿದೆವು. ಓದುಗ ಬಾಂಧವರಿಗೂ ಅದು ಉಪಯುಕ್ತವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

'ಅಫಿಲಿಯೇಟ್' ಎಂದರೆ ಅನ್ಯರ ಸರಕನ್ನು ಪರಿಚಿತರಿಗೆ ಸೂಚಿಸಿ, ಅದು ಮಾರಾಟವಾದರೆ ಪಾಲು ಪಡೆಯುವವನು. ಅಮೆಜಾನ್ ಸಂಸ್ಥೆಯು ಪುಸ್ತಕ ಮಾರುತ್ತಿದ್ದ ಕಾಲದಲ್ಲಿಯೇ, 1996ರಲ್ಲಿ, ಇಂಥ ಯೋಜನೆಯನ್ನು ಆರಂಭಿಸಿತು. 'ಅಫಿಲಿಯೇಟ್ ಲಿಂಕ್'ನಲ್ಲಿ ಸೂಚಿಸಿದವನ ಗುರುತು ಅಡಗಿರುತ್ತದೆ. ಅದನ್ನು ಒತ್ತಿದಾಗ ನಮ್ಮ ಯಂತ್ರದಲ್ಲಿ ಉಳಿಯುವ ಚಿಕ್ಕ ಗುರುತಿನ ಚೀಟಿಗೆ 'ಕುಕಿ' ಎಂದು ಹೆಸರು. ಅದಕ್ಕೂ ಆಯುಷ್ಯವುಂಟು: ಅಮೆಜಾನಿನಲ್ಲಿ ಸಾಮಾನ್ಯವಾಗಿ 24 ಗಂಟೆ, ಬೇರೆಡೆ 30 ದಿನಗಳವರೆಗೂ ಇರುವುದುಂಟು. ಆ ಅವಧಿಯೊಳಗೆ ನಾವು ದೀಪವನ್ನು ಬಿಟ್ಟು ಕೊಡೆಯನ್ನು ಕೊಂಡರೂ ಪಾಲು ಅವನಿಗೆ ಸಲ್ಲಬಹುದು. 'ಕನ್ವರ್ಷನ್' ಎಂಬ ಶಬ್ದ ಕೇಳಿ ನಾವು ಬೆಚ್ಚಿದೆವು. ಅದು ಮತಾಂತರದ ಮಾತಲ್ಲ, ನೋಡಲು ಬಂದವನು ಕೊಳ್ಳುವವನಾಗುವುದಕ್ಕೆ ಇಟ್ಟ ಹೆಸರು.

ದಲಾಲಿಯು ನಮಗೆ ಹೊಸತಲ್ಲ. ಕಾಳು ಕಡಿಗಳ ಪೇಟೆಯಲ್ಲಿ ದಲಾಲನು ದಲಾಲನೆಂದೇ ಎಲ್ಲರಿಗೂ ಗೊತ್ತು. ಆದುದರಿಂದ ಅವನ ಹೊಗಳಿಕೆಯನ್ನು ತೂಗಿ ನೋಡುತ್ತೇವೆ. ಬಂಧುವಿನ ಮಾತನ್ನಾದರೋ ತೂಗುವುದಿಲ್ಲ. ಈ ವ್ಯಾಪಾರದ ಬಲವೂ ಅಪಾಯವೂ ಅಲ್ಲಿಯೇ ಇದೆ. ಆ ಕಾರಣದಿಂದ 'ಡಿಸ್ಕ್ಲೋಷರ್', ಅಂದರೆ ತನಗೆ ಬರುವ ಲಾಭವನ್ನು ಮುಂಚಿತವಾಗಿ ತಿಳಿಸುವುದು, ಈ ಪರಿಭಾಷೆಯಲ್ಲೆಲ್ಲ ಮುಖ್ಯವಾದ ಶಬ್ದವೆಂದು ನಮ್ಮ ಮತ. ಸಾಮಾಜಿಕ ಜಾಲತಾಣಗಳಲ್ಲಿ ಸರಕನ್ನು ಹೊಗಳುವವರು ಇಂಥ ಲಾಭವನ್ನು ಸ್ಪಷ್ಟವಾಗಿ ತಿಳಿಸಬೇಕೆಂದೂ, ತಾವು ಬಳಸದ ವಸ್ತುವನ್ನು ಹೊಗಳಬಾರದೆಂದೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಮಾರ್ಗಸೂಚಿ ನೀಡಿದೆ.

ಹುಡುಗನು ತಲೆ ತಗ್ಗಿಸಿ, "ತಪ್ಪಾತ್ರಿ ದೊಡ್ಡಪ್ಪಾರ, ಹೇಳಿದ್ರ ನೀವು ತಗೊಳ್ಳಂಗಿಲ್ಲ ಅಂತ ಅಂಜಿದೆ" ಎಂದನು. "ಹೇಳಿದ್ದರೆ ನಿನಗಾಗಿಯೇ ಕೊಳ್ಳುತ್ತಿದ್ದೆವಲ್ಲೋ ತಮ್ಮಾ" ಎಂದೆವು. ಈಗ ಅವನು ಕಳುಹಿಸುವ ಪ್ರತಿ ಲಿಂಕಿನ ಮೇಲೆ, ಇದರಿಂದ ತನಗೆ ಕಮಿಷನ್ ಬರುತ್ತದೆ ಎಂಬ ಸಾಲಿರುತ್ತದೆ. ಮೊನ್ನೆ ಒಂದು ಕಂಬಳಿಯನ್ನು ಅವನ ಲಿಂಕಿನಿಂದಲೇ ತರಿಸಿದೆವು.