ಕುದುರೆ ಹಾಕಿದ ಗೆರೆ

ನನಗೆ ಗಾಡಿಗಳ ನಂಬರ್ ಪ್ಲೇಟ್ ಓದುವ ಚಟ. ಬಸ್ಸಿಗೆ ಕಾಯುತ್ತಾ ನಿಂತಾಗ ಕೆಎ 09 ಮೈಸೂರು, ಕೆಎ 11 ಮಂಡ್ಯ, ಕೆಎ 20 ಉಡುಪಿ ಎಂದು ಮನಸ್ಸಿನಲ್ಲೇ ಹಾಜರಿ ಕರೆಯುತ್ತಿರುತ್ತೇನೆ. ಮಗನ ಮನೆಗೆಂದು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ಗೆ ಹೋದಾಗಲೂ ಚಟ ಬಿಡಲಿಲ್ಲ. ಅಲ್ಲಿ ಅಂಕಿಯ ಒಗಟು ಬಿಡಿಸುವ ಕಷ್ಟವೇ ಇಲ್ಲ. ಸಾಮಾನ್ಯ ಪ್ಲೇಟುಗಳ ಕೆಳಗೆ ಕೌಂಟಿಯ ಹೆಸರನ್ನೇ ಅಚ್ಚು ಹಾಕಿರುತ್ತಾರೆ. ಲಿನ್, ಜಾನ್ಸನ್, ಬೆಂಟನ್, ಜೋನ್ಸ್. ಸೊಸೆ ತರಕಾರಿ ತರಲು ಅಂಗಡಿಯೊಳಗೆ ಹೋದರೆ ನಾನು ಕಾರಿನಲ್ಲೇ ಕೂತು ಒಂದೊಂದೇ ಕೌಂಟಿಯನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಒಟ್ಟು 99 ಇವೆಯಂತೆ. ಎರಡು ತಿಂಗಳಲ್ಲಿ 41 ಸಿಕ್ಕವು.

ಕೌಂಟಿ ಅಂದರೆ ಏನು ಎಂದು ಕೇಳಿದ್ದಕ್ಕೆ ಮಗ "ಜಿಲ್ಲೆ ಅಪ್ಪ" ಅಂದ. ನನಗೆ ಒಪ್ಪಿಗೆಯಾಗಲಿಲ್ಲ. ಆರು ಕೋಟಿ ದಾಟಿದ ಕರ್ನಾಟಕಕ್ಕೆ 31 ಜಿಲ್ಲೆ ಸಾಕು. 32 ಲಕ್ಷ ಜನರ ಅಯೋವಾಕ್ಕೆ 99 ಜಿಲ್ಲೆಯೇ? ಆಡಮ್ಸ್ ಎಂಬ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ಇರುವುದು 3,704 ಜನ. ಅಷ್ಟು ಜನ ನಮ್ಮ ಕಡೆ ಒಂದು ದೊಡ್ಡ ಊರಿನ ಜಾತ್ರೆಗೆ ಬೆಳಗಿನ ಹೊತ್ತಿಗೇ ಸೇರಿರುತ್ತಾರೆ. ಆದರೂ ಆ 3,704 ಜನಕ್ಕೊಂದು ಕೋರ್ಟು, ಒಬ್ಬ ಶೆರಿಫ್, ಜಮೀನು ಪತ್ರ ನೋಂದಾಯಿಸುವ ಕಚೇರಿ, ಚುನಾವಣೆ ನಡೆಸಲು ಒಬ್ಬ ಆಡಿಟರ್. ಗಾತ್ರದಲ್ಲಿ ಹೋಬಳಿ, ಗತ್ತಿನಲ್ಲಿ ಜಿಲ್ಲೆ ಎಂದು ಇಟ್ಟುಕೊಳ್ಳೋಣ.

ಇಷ್ಟು ಪುಟ್ಟದಾಗಿ ಏಕೆ ಕತ್ತರಿಸಿದರು ಎಂದರೆ ಕುದುರೆಗಾಗಿ ಎನ್ನುತ್ತಾರೆ. ರೈತ ಬೆಳಿಗ್ಗೆ ಗಾಡಿ ಕಟ್ಟಿ ಕೌಂಟಿ ಊರಿಗೆ ಹೋಗಿ, ಕೋರ್ಟಿನ ಕೆಲಸ ಮುಗಿಸಿ, ಕತ್ತಲಾಗುವ ಮೊದಲು ಕೊಟ್ಟಿಗೆಗೆ ಮರಳುವಂತಿರಬೇಕು. ಅದಕ್ಕೂ ಹಿಂದೆ 1785ರ ಕಾಯಿದೆಯೊಂದು ನೆಲವನ್ನೆಲ್ಲ ಆರಾರು ಮೈಲಿಯ ಚೌಕಗಳಾಗಿ ಅಳೆಯುವ ಪದ್ಧತಿ ಹಾಕಿಕೊಟ್ಟಿತ್ತು. ವಿಮಾನದಿಂದ ನೋಡಿದರೆ ಅಯೋವಾ ಯಾರೋ ಚೌಕಾಬಾರದ ಮನೆ ಬರೆದು ಆಡಲು ಮರೆತು ಎದ್ದು ಹೋದಂತೆ ಕಾಣುತ್ತದೆ. ಹಾಗೆಂದು ಲೆಕ್ಕ ತಪ್ಪದ ನಾಡೇನೂ ಅಲ್ಲ. ತೆಂಕಣ ಮೂಲೆಯ ಲೀ ಕೌಂಟಿಗೆ ಫೋರ್ಟ್ ಮ್ಯಾಡಿಸನ್ ಮತ್ತು ಕಿಯೋಕಕ್ ಎಂದು ಎರಡು ರಾಜಧಾನಿ. ಎರಡೂರಿನವರೂ ಪಟ್ಟು ಬಿಡಲಿಲ್ಲ, ಎರಡನ್ನೂ ಉಳಿಸಿಕೊಂಡರು. ಒಂದು ತಾಲ್ಲೂಕು ಕೇಂದ್ರಕ್ಕಾಗಿ ವರ್ಷಗಟ್ಟಲೆ ಬಂದ್ ಮಾಡಿದ ಊರುಗಳನ್ನು ಕಂಡ ನನಗೆ ಈ ಲೀ ಕೌಂಟಿ ತುಂಬ ಹತ್ತಿರದ್ದು ಅನ್ನಿಸಿತು.

ಈ ಕೌಂಟಿ ಪುರಾಣ ಶುರುವಾದದ್ದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಂದ. ನನ್ನ ಚೀಟಿ ನೋಡಿ ಅವರಿಗೆ ಖುಷಿಯೋ ಖುಷಿ. ಅವರ ರಾಜ್ಯದ ಸೆನೆಟರ್ ಚಕ್ ಗ್ರಾಸ್ಲಿ ಪ್ರತಿವರ್ಷ 99 ಕೌಂಟಿಗೂ ಹೋಗಿ ಬರುತ್ತಾರೆ, ಇದನ್ನು ಅಲ್ಲಿ ಒಂದು ವ್ರತದ ಹಾಗೆ ಹೇಳುತ್ತಾರೆ. "ನೀವು ಪಾರ್ಕಿಂಗಿನಲ್ಲಿ ಕೂತೇ 41 ಮುಗಿಸಿದ್ದೀರಿ" ಎಂದು ನಕ್ಕು, ಒಳಗಿನಿಂದ ಒಂದು ನಕ್ಷೆ ತಂದರು. ನಾಲ್ಕು ಬಣ್ಣ. ಅಯೋವಾದ ನಾಲ್ಕು ಕಾಂಗ್ರೆಸ್ ಕ್ಷೇತ್ರಗಳು. (ಕಾಂಗ್ರೆಸ್ ಎಂದರೆ ಇಲ್ಲಿ ಪಕ್ಷವಲ್ಲ, ಅವರ ಪಾರ್ಲಿಮೆಂಟು. ಊರಿಗೆ ಫೋನ್ ಮಾಡಿ "ಇಲ್ಲಿ ಎಲ್ಲ ಕ್ಷೇತ್ರವೂ ಕಾಂಗ್ರೆಸ್ಸೇ" ಎಂದಾಗ ತಮ್ಮ ಎರಡು ನಿಮಿಷ ಸಂಭ್ರಮಪಟ್ಟಿದ್ದ.)

ನಕ್ಷೆಯ ವಿಶೇಷ ನನಗೆ ತಕ್ಷಣ ತಿಳಿಯಲಿಲ್ಲ. ಬಣ್ಣ ಬದಲಾಗುವ ಕಡೆಯಲ್ಲೆಲ್ಲ ಕೌಂಟಿಯ ಗಡಿಯೇ ಇದೆ. ಒಂದಾದರೂ ಕೌಂಟಿಗೆ ಎರಡು ಬಣ್ಣವಿಲ್ಲ. ಕಾಂಗ್ರೆಸ್ ಕ್ಷೇತ್ರ ಮಾಡುವಾಗ ಕೌಂಟಿಯನ್ನು ಒಡೆಯಕೂಡದು ಎಂದು ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಮಡಕೆ ಎಷ್ಟಾದರೂ ಜೋಡಿಸು, ಒಡೆಯಬೇಡ. ಜೊತೆಗೆ ನಾಲ್ಕೂ ಕಡೆ ತಲೆಯೆಣಿಕೆ ಸಮ ಬರಬೇಕು, ಕ್ಷೇತ್ರ ಒಂದಕ್ಕೊಂದು ಅಂಟಿಕೊಂಡ ಕೌಂಟಿಗಳದ್ದಾಗಿರಬೇಕು. ಅಂಟಿಕೊಳ್ಳುವ ನಿಯಮ ಬಿಟ್ಟರೂ 99 ಕೌಂಟಿಗೆ ನಾಲ್ಕು ಬಣ್ಣ ಹಚ್ಚುವ ಬಗೆಗಳನ್ನು ಬರೆದರೆ 60 ಅಂಕಿಯ ಸಂಖ್ಯೆ ಆಗುತ್ತದೆ. ಅದರಲ್ಲಿ ಸರಿಯಾದದ್ದನ್ನು ಹುಡುಕುವವರು ಶಾಸಕರಲ್ಲ, ಶಾಸನಸಭೆಯ ಸೇವಾ ಸಂಸ್ಥೆಯ ಪಕ್ಷವಿಲ್ಲದ ನೌಕರರು. 1980ರ ಕಾಯಿದೆ ಅವರಿಗೆ ಮಡಿಯ ಪಟ್ಟಿಯನ್ನೇ ಕೊಟ್ಟಿದೆ. ಈಗಿನ ಸದಸ್ಯರ ಮನೆ ಎಲ್ಲಿದೆ ಎಂದು ನೋಡಬಾರದು. ಯಾರು ಯಾವ ಪಕ್ಷಕ್ಕೆ ಹೆಸರು ಬರೆಸಿದ್ದಾರೆಂದು ನೋಡಬಾರದು. ಹಿಂದಿನ ಸಲ ಯಾರಿಗೆ ಎಷ್ಟು ಓಟು ಬಿತ್ತೆಂದು ನೋಡಬಾರದು. ತಲೆ ಎಣಿಸು, ತಲೆಯೊಳಗೆ ಇಣುಕಬೇಡ.

2021ರಲ್ಲಿ ಅವರು ಮಾಡಿದ ಲೆಕ್ಕವನ್ನು ಮೇಷ್ಟ್ರು ಪೆನ್ಸಿಲಿನಲ್ಲಿ ಬರೆದು ತೋರಿಸಿದರು. 7,97,584, 7,97,589, 7,97,551, 7,97,645. ಅತಿ ದೊಡ್ಡ ಕ್ಷೇತ್ರಕ್ಕೂ ಅತಿ ಚಿಕ್ಕದಕ್ಕೂ ವ್ಯತ್ಯಾಸ 94 ಜನ! ನಾನು ಮತ್ತೆ ಕಳೆದು ನೋಡಿದೆ. ಸುಮಾರು ಎಂಟೆಂಟು ಲಕ್ಷದ ನಾಲ್ಕು ರಾಶಿ, ಅದೂ ಡಿ ಮೊಯಿನ್ ನಗರವಿರುವ ಪೋಕ್ ಕೌಂಟಿಯ 4.92 ಲಕ್ಷ ಜನರ ಹೆಬ್ಬಂಡೆಯನ್ನು ಒಡೆಯದೆ ಹಾಗೇ ಇಟ್ಟುಕೊಂಡು. ವ್ಯತ್ಯಾಸ ನಮ್ಮ ಮದುವೆಮನೆಯ ಒಂದು ಪಂಕ್ತಿಯಷ್ಟು. ಅಣ್ಣತಮ್ಮಂದಿರು ಪಾಲಾಗುವಾಗ ಹಿತ್ತಲಿನ ಹಲಸಿನ ಮರವನ್ನು ಇಬ್ಬರಿಗೂ ಸಮ ಮಾಡಲಾಗದೆ ಮೂರು ವರ್ಷ ಕೋರ್ಟಿಗೆ ಅಲೆದ ಮನೆತನ ನನ್ನದು. ಈ ಲೆಕ್ಕ ಹಾಕಿದವರನ್ನು ಆಗ ಕರೆಸಿದ್ದರೆ ವಕೀಲರ ಫೀಸು ಉಳಿಯುತ್ತಿತ್ತು.

ಗೆರೆಯ ವಿಷಯದಲ್ಲಿ ನಮ್ಮ ತಾತನಿಗೆ ಒಂದು ಸಿದ್ಧಾಂತವಿತ್ತು. ಪಕ್ಕದ ಗದ್ದೆಯವರು ಪ್ರತಿ ಮುಂಗಾರಿಗೂ ಬದು ಕಡಿಯುವ ನೆಪದಲ್ಲಿ ಗೇಣುದ್ದ ಈಚೆ ಬರುತ್ತಿದ್ದರು. ತಾತ ಜಗಳವಾಡುತ್ತಿರಲಿಲ್ಲ. ಬಾಂದು ಕಲ್ಲಿನ ಹತ್ತಿರ ಹೋಗಿ ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಬದು ಅವನೂ ನಾನೂ ಹಾಕಿದ್ದು, ಅದಕ್ಕೆ ಬೆಲೆಯಿಲ್ಲ. ಈ ಕಲ್ಲು ಹಾಕಿದ ಮೊಜಣಿದಾರನಿಗೆ ನಮ್ಮಿಬ್ಬರ ಗುರುತೂ ಇರಲಿಲ್ಲ" ಎನ್ನುತ್ತಿದ್ದರು. ಕೌಂಟಿಯ ಗೆರೆಯ ಗುಣವೂ ಇದೇ. ಅದನ್ನು ಹಾಕಿದವರಿಗೆ ಇಂದಿನ ಯಾವ ಅಭ್ಯರ್ಥಿಯ ಗುರುತೂ ಇರಲಿಲ್ಲ. ಅವರು ನೋಡಿದ್ದು ಕುದುರೆಯ ಉಸಿರನ್ನು.

ಅದಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕನ್ನರು ಒಂದು ಶಬ್ದವನ್ನೇ ಮಾಡಿಕೊಂಡಿದ್ದಾರೆ: ಜೆರಿಮ್ಯಾಂಡರ್. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್ಬ್ರಿಜ್ ಗೆರಿಯ ಪಕ್ಷದವರು ಎಸೆಕ್ಸ್ ಕೌಂಟಿಯಲ್ಲಿ ರಾಜ್ಯದ ಸೆನೆಟ್ ಕ್ಷೇತ್ರವೊಂದನ್ನು ಹಾವಿನ ಹಾಗೆ ಬಳುಕಿಸಿದರು. ಆ ಮಾರ್ಚಿನಲ್ಲಿ ಬಾಸ್ಟನ್ ಗೆಜೆಟ್ ಪತ್ರಿಕೆ ಅದಕ್ಕೆ ರೆಕ್ಕೆ, ಉಗುರು, ಹಲ್ಲು ಬರೆದು ಚಿತ್ರ ಹಾಕಿತು. ಗೆರಿಯ ಹೆಸರಿನ ಬಾಲಕ್ಕೆ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಬಾಲ ಗಂಟು ಹಾಕಿತು. ಗಮನಿಸಿ, ಆತ ತನ್ನ ಹೆಸರನ್ನು ಹೇಳಿಕೊಳ್ಳುತ್ತಿದ್ದದ್ದು ಗೆರಿ ಎಂದು, ಜೆರಿ ಎಂದಲ್ಲ. ಗೆರೆ ಎಳೆದು ಕೆಟ್ಟ ಹೆಸರು ತಂದುಕೊಂಡವನ ಹೆಸರು ಗೆರಿ! ಇದರ ರುಚಿ ಕನ್ನಡದವರಿಗೆ ಮಾತ್ರ. ಮೇಷ್ಟ್ರಿಗೆ ಬಿಡಿಸಿ ಹೇಳಲು ಹತ್ತು ನಿಮಿಷ ಹೆಣಗಾಡಿದೆ. ಅವರು ಮರ್ಯಾದೆಗೆ ನಕ್ಕರು. ಪಾಪ, ಆತ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು, ಆಮೇಲೆ ಉಪರಾಷ್ಟ್ರಪತಿಯೂ ಆದವನು. ಜನ ನೆನಪಿಟ್ಟುಕೊಂಡಿದ್ದು ಹಲ್ಲಿಯನ್ನು.

ಈ ವಿದ್ಯೆಯ ಮರ್ಮ ಎರಡೇ. ಎದುರು ಪಕ್ಷದವರನ್ನು ಒಂದೇ ದೊಡ್ಡಿಗೆ ಕೂಡು. ಅದಾಗದಿದ್ದರೆ ಒಂದೊಂದು ಕ್ಷೇತ್ರಕ್ಕೆ ಒಂದೊಂದು ಚಿಟಿಕೆ ಬೀಳುವಂತೆ ಉಪ್ಪಿನ ಹಾಗೆ ಉದುರಿಸು. ಪೆನ್ಸಿಲ್ವೇನಿಯಾದ ಏಳನೆಯ ಕ್ಷೇತ್ರ, ಗೂಫಿ ಎಂಬ ಕಾರ್ಟೂನು ನಾಯಿ ಡೊನಾಲ್ಡ್ ಬಾತುಕೋಳಿಯನ್ನು ಒದೆಯುವ ಹಾಗೆ ಕಾಣುತ್ತದೆ ಎಂದು ಹೆಸರುವಾಸಿಯಾಗಿತ್ತು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ನಕ್ಷೆಯನ್ನು ರದ್ದು ಮಾಡಿತು. ಮರುವರ್ಷ ದೇಶದ ಸುಪ್ರೀಂ ಕೋರ್ಟು ಮಾತ್ರ, ಪಕ್ಷದ ಲಾಭಕ್ಕೆ ಗೆರೆ ಎಳೆದರೆ ಅದನ್ನು ವಿಚಾರಿಸುವುದು ಫೆಡರಲ್ ಕೋರ್ಟುಗಳ ಕೆಲಸವಲ್ಲ ಎಂದು ಐದು-ನಾಲ್ಕರ ಬಹುಮತದಲ್ಲಿ ಕೈತೊಳೆದುಕೊಂಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ನಮ್ಮ ಗಾದೆಯನ್ನು ಇವರು ತಿರುಗಿಸಿದ್ದಾರೆ. ಕುಣಿಯಲಾರದವಳೇ ಮೇಸ್ತ್ರಿಯನ್ನು ಕರೆಸಿ ನೆಲ ಡೊಂಕು ಮಾಡಿಸಿಕೊಳ್ಳುತ್ತಾಳೆ.

ಹಾಗಾದರೆ ಎಲ್ಲ ರಾಜ್ಯದವರೂ ಕೌಂಟಿ ಗೆರೆಯನ್ನೇ ಹಿಡಿಯಬಾರದೆ ಎಂದೆ. ಮೇಷ್ಟ್ರು ತಲೆಯಾಡಿಸಿದರು. ಲಾಸ್ ಏಂಜಲೀಸ್ ಒಂದೇ ಕೌಂಟಿಯಲ್ಲಿ ಒಂದು ಕೋಟಿ ಜನ, ಒಡೆಯದೆ ಗತಿಯಿಲ್ಲ. ಅದು ಸುಲಭದ ಉತ್ತರ. ಅವರ ಎರಡನೆಯ ಉತ್ತರ ನನ್ನನ್ನು ಸ್ವಲ್ಪ ಅಲುಗಾಡಿಸಿತು. ಜಾರ್ಜಿಯಾ ರಾಜ್ಯದಲ್ಲಿ 1931ರಿಂದ ಕೌಂಟಿಗಳನ್ನು ಇಡಿಯಾಗಿ ಜೋಡಿಸಿದ ಕ್ಷೇತ್ರಗಳೇ ಇದ್ದವು. ಗೆರೆ ನೆಟ್ಟಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಮುಟ್ಟದ್ದೇ ಮೋಸ. ಊರು ಬೆಳೆಯಿತು, ಹಳ್ಳಿ ಕರಗಿತು. 1960ರ ಹೊತ್ತಿಗೆ ಅಟ್ಲಾಂಟಾ ಇದ್ದ ಐದನೆಯ ಕ್ಷೇತ್ರದಲ್ಲಿ 8,23,680 ಜನ, ಒಂಬತ್ತನೆಯದರಲ್ಲಿ 2,72,154. ಇಬ್ಬರಿಗೂ ಒಂದೊಂದೇ ಸೀಟು. ಅಟ್ಲಾಂಟಾದವನ ಓಟಿಗೆ ಹಳ್ಳಿಯವನ ಓಟಿನ ಮೂರನೆಯ ಒಂದು ಪಾಲು ಬೆಲೆ. 1964ರಲ್ಲಿ ವೆಸ್‌ಬೆರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ನಡೆಯದು ಎಂದಿತು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಶಾಸಕರು ಪ್ರತಿನಿಧಿಸುವುದು ಜನರನ್ನೇ ಹೊರತು ಮರಗಳನ್ನೂ ಎಕರೆಗಳನ್ನೂ ಅಲ್ಲ ಎಂಬ ಅರ್ಥದ ಮಾತು ಬರೆದರು. ತಾತನ ಬಾಂದು ಕಲ್ಲಿಗೂ ಇದೇ ಕುತ್ತು. ಕಲ್ಲು ಕದಲುವುದಿಲ್ಲ ಸರಿ, ಹೊಳೆ ದಿಕ್ಕು ಬದಲಿಸಿದರೆ?

ಕೋರ್ಟು ಕೌಂಟಿಯನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ವೆಸ್ಟ್ ವರ್ಜೀನಿಯಾದವರು ತಮ್ಮ 55 ಕೌಂಟಿಗಳಲ್ಲಿ ಒಂದನ್ನೂ ಒಡೆಯದೆ ಕ್ಷೇತ್ರ ಮಾಡಿ, 4,871 ಜನರ ಹೆಚ್ಚುಕಡಿಮೆ ಉಳಿಸಿದ್ದಕ್ಕೆ 2012ರಲ್ಲಿ ಇರಲಿ ಬಿಡಿ ಎಂದಿತು.

ಇನ್ನು ಅಯೋವಾದ ಮಡಿಯ ಲೆಕ್ಕದ ಫಲ ಏನಾಯಿತು? 2021ರಲ್ಲಿ ಮೊದಲು ಬಂದ ನಕ್ಷೆಯಲ್ಲಿ ಪೂರ್ವದ ಊರುಗಳಾದ ಸೀಡರ್ ರ‍್ಯಾಪಿಡ್ಸ್, ಅಯೋವಾ ಸಿಟಿ, ಡ್ಯಾವೆನ್‌ಪೋರ್ಟ್ ಒಂದೇ ಕ್ಷೇತ್ರದಲ್ಲಿದ್ದವು. ಡೆಮಾಕ್ರಟರಿಗೆ ಆಸೆಯ ಸೀಟು. ರಿಪಬ್ಲಿಕನ್ ಬಹುಮತದ ರಾಜ್ಯ ಸೆನೆಟ್ ಅಕ್ಟೋಬರ್ 5ರಂದು ಆಕಾರ ಇನ್ನೂ ಅಚ್ಚುಕಟ್ಟಾಗಬಹುದು ಎಂದು ಅದನ್ನು ವಾಪಸು ಕಳಿಸಿತು. ಮೊದಲ ಎರಡು ನಕ್ಷೆಗಳನ್ನು ಶಾಸಕರು ಒಪ್ಪಬಹುದು ಇಲ್ಲವೇ ಬೇಡವೆನ್ನಬಹುದು, ತಿದ್ದುವಂತಿಲ್ಲ, ಮೂರನೆಯದಾದರೆ ತಿದ್ದಬಹುದು. ಅಲ್ಲಿಯವರೆಗೆ ಹೋಗಲಿಲ್ಲ. ಎರಡನೆಯದಕ್ಕೆ ಒಪ್ಪಿಗೆ ಬಿತ್ತು. ಅದರಲ್ಲಿ ಸೀಡರ್ ರ‍್ಯಾಪಿಡ್ಸ್ ಒಂದು ಕಡೆ, ಅಯೋವಾ ಸಿಟಿ ಇನ್ನೊಂದು ಕಡೆ. 2022ರ ಚುನಾವಣೆಯಲ್ಲಿ ನಾಲ್ಕಕ್ಕೆ ನಾಲ್ಕೂ ರಿಪಬ್ಲಿಕನ್ನರಿಗೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಳೆದ ಗೆರೆಯೇ, ಕೊನೆಗೆ ಇದಿರಲಿ ಅದು ಬೇಡ ಎಂದ ಕಣ್ಣುಗಳು ಮಾತ್ರ ಅಗಲವಾಗಿ ತೆರೆದಿದ್ದವು. ಹೀಗಿದ್ದೂ ಹಾವು ಹಲ್ಲಿಗಳಿಗಿಂತ ಇದೇ ವಾಸಿ ಎಂದು ನನ್ನ ಮನಸ್ಸು ಹೇಳುತ್ತದೆ. ಸೋತವರು ಹೊಟ್ಟೆಯುರಿಯಿಂದ ಸೋಲುತ್ತಾರೆ, ಅವಮಾನದಿಂದಲ್ಲ. ಮೇಷ್ಟ್ರು ಸೋತ ಪಕ್ಷದವರು, ನಕ್ಷೆಯನ್ನು ಬಯ್ಯಲಿಲ್ಲ. 2020ರಲ್ಲಿ ಅಲ್ಲಿನ ಒಂದು ಕ್ಷೇತ್ರ ಬರೀ ಆರು ಓಟಿನಲ್ಲಿ ಕೈತಪ್ಪಿದ್ದನ್ನು ನೆನೆದರು. ಸುಮಾರು ನಾಲ್ಕು ಲಕ್ಷ ಓಟಿನಲ್ಲಿ ಆರು! "ನನ್ನ ಅತ್ತಿಗೆಯ ಮನೆಯವರು ಅವತ್ತು ಹೊರಟಿದ್ದರೆ ಸಾಕಿತ್ತು" ಎಂದರು.

ನಮ್ಮಲ್ಲೂ 2008ರಲ್ಲಿ ಗೆರೆ ಹೊಸದಾಯಿತು. ಕನಕಪುರ ಲೋಕಸಭಾ ಕ್ಷೇತ್ರ ಮಾಯವಾಗಿ ಬೆಂಗಳೂರು ಗ್ರಾಮಾಂತರವಾಯಿತು. ವಿಧಾನಸಭಾ ಕ್ಷೇತ್ರ ಜಿಲ್ಲೆಯ ಗಡಿ ದಾಟುವಂತಿಲ್ಲ, ಲೋಕಸಭೆಯದು ದಾಟಬಹುದು. ಆದ್ದರಿಂದ ಉಡುಪಿ ಜಿಲ್ಲೆಯ ಬೈಂದೂರಿನ ಮೀನುಗಾರನ ಎಂಪಿ ಘಟ್ಟದ ಮೇಲಿನ ಶಿವಮೊಗ್ಗದವರು. ಕ್ಷೇತ್ರ ಪುನರ್ವಿಂಗಡಣೆ ಆಯೋಗ ಒಮ್ಮೆ ಬರೆದ ಗೆರೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವುದಕ್ಕೆ ಸಂವಿಧಾನವೇ ಬಾಗಿಲು ಹಾಕಿದೆ. ಇದನ್ನು ಕೇಳಿ ಮೇಷ್ಟ್ರಿಗೆ ಆಶ್ಚರ್ಯವಾಯಿತು. ಒಂದೊಂದು ಕ್ಷೇತ್ರಕ್ಕೂ 20 ಲಕ್ಷ ದಾಟಿದ ಜನ ಎಂದದ್ದಕ್ಕೆ ಇನ್ನೂ ಹೆಚ್ಚು. ಅವರ ಎರಡೂವರೆ ಕ್ಷೇತ್ರ ನಮ್ಮ ಒಬ್ಬ ಎಂಪಿಯ ಹೆಗಲ ಮೇಲೆ.

ಹೊರಡುವ ಹಿಂದಿನ ದಿನ ಮೊಮ್ಮಗನಿಗೆ ಕೌಂಟಿಗಳ ಗೆರೆ ಮಾತ್ರ ಇದ್ದ ಖಾಲಿ ನಕ್ಷೆ ಕೊಟ್ಟು, ನಾಲ್ಕು ಬಣ್ಣದ ಕಡ್ಡಿ ಕೊಟ್ಟು, ಮೇಷ್ಟ್ರ ಜನಸಂಖ್ಯೆಯ ಪಟ್ಟಿಯನ್ನೂ ಇಟ್ಟು ಆಟಕ್ಕೆ ಕೂರಿಸಿದೆ. ಹತ್ತು ವರ್ಷದ ಹುಡುಗ, ಕೂಡುವುದರಲ್ಲಿ ಚುರುಕು. "ತಾತ, ಇಲ್ಲಿ ಯಾರಿದ್ದಾರೆ?" ಎಂದು ಒಂದು ಚೌಕ ತೋರಿಸಿದ. "ಅದನ್ನು ಕೇಳಬಾರದು ಕಣೋ, ಎಷ್ಟು ಜನ ಅಂತ ಮಾತ್ರ ಕೇಳಬೇಕು" ಎಂದೆ. ನಾನು ಪೆಟ್ಟಿಗೆ ತುಂಬಿ ಬರುವಷ್ಟರಲ್ಲಿ ಪಶ್ಚಿಮವೆಲ್ಲ ಹಳದಿಯಾಗಿತ್ತು, ನಮ್ಮ ಲಿನ್ ಕೌಂಟಿ ಹಸಿರು. ಕೆಳಗಿನ ಜಾನ್ಸನ್ ಕೌಂಟಿಯನ್ನು ಮೊದಲು ಕೆಂಪು ಮಾಡಿ, ಆಮೇಲೆ ಅದರ ಮೇಲೆಯೇ ಹಸಿರು ಗೀಚಿದ್ದ. ಅಷ್ಟೂ ಜಾಗ ಕಂದು ಬಣ್ಣಕ್ಕೆ ತಿರುಗಿತ್ತು. ಲೆಕ್ಕ ಸರಿಬರಲಿಲ್ಲವಾ ಎಂದೆ.

"ಲೆಕ್ಕ ಕೆಂಪಲ್ಲೇ ಸರಿಯಿತ್ತು ತಾತ. ಆದರೆ ನನ್ನ ಫ್ರೆಂಡ್ ಮನೆ ಅಲ್ಲಿದೆ."